ಮದುವಣಗಿತ್ತಿಯ ಕಾಗದದ ಸರ

“ಚಿಕ್ಕಪ್ಪಾ, ನನ್ನ ಸರ ಇಲ್ಲ!”

ಮಹಡಿಯ ಮೇಲಿಂದ ಮದುವಣಗಿತ್ತಿಯ ಕೂಗು. ನಾನೂ ನನ್ನ ಹೆಂಡತಿಯೂ ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಕಿಟಕಿಗೆ ಕಟ್ಟಿದ್ದ ದಾರ ಖಾಲಿ! ಹಳೇ ಕ್ಯಾಲೆಂಡರ್ ಸೀಳಿ, ಕಡ್ಡಿಗೆ ಸುತ್ತಿ ಮಣಿ ಮಾಡಿ, ಕೆಟ್ಟ ಇಯರ್‌ಫೋನಿನ ತಂತಿಯಲ್ಲಿ ಕೊಂಡಿ ಬಗ್ಗಿಸಿ, ಅಣ್ಣನ ಮಗಳು ತನ್ನ ಮದುವೆಗೆ ತಾನೇ ಪೋಣಿಸಿದ ಸರ. ಕೊನೆಯ ಸಲ ಕೆಂಪು ವಾರ್ನಿಷ್ ಬಳಿದು ಒಣಗಲು ತೂಗುಹಾಕಿದ್ದಳು. ಸಂಜೆಗೆ ಮದುವೆ.

“ಅದಿಲ್ದೆ ನಾನು ಹೊರಡಲ್ಲ,” ಎಂದು ಕೂತೇ ಬಿಟ್ಟಳು.

ನನ್ನ ಹೆಂಡತಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಟಿಕೆಟ್ ಇಲ್ಲದವರ ಮುಖ ಅವಳಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಈಗ ಆ ಕಣ್ಣಿಗೆ ಸಿಗುವವನು ನಾನೊಬ್ಬನೇ, ಪಾಪ!

“ಬೀಗಿತ್ತಿ ಬಿಟ್ರೆ ಹೊರಗಿನವರು ಯಾರೂ ಬಂದಿಲ್ಲ. ನಡೀರಿ, ಅಡುಗೆಮನೆಗೆ,” ಎಂದಳು.

ಅಲ್ಲಿ ಅಣ್ಣ ಈರುಳ್ಳಿ ಹುರಿಯುತ್ತಿದ್ದ. ಕಂಡದ್ದನ್ನೆಲ್ಲ ಕಸಕ್ಕೆ ಎಸೆಯುವ ಚಾಳಿ ಅವನದು.

“ಭಾವ, ಸರ ಗುಡಿಸಿ ಹಾಕಿಬಿಟ್ರಾ?”

“ಅಯ್ಯೋ, ಆ ಕೋಣೆಗೆ ಪೊರಕೆ ಹಿಡ್ಕೊಂಡು ಹೋಗೋ ಧೈರ್ಯ ನನಗೆಲ್ಲಿ? ಹೋದ ಸಲ ಖಾಲಿ ರಟ್ಟಿನ ಡಬ್ಬ ಬಿಸಾಕಿದ್ದಕ್ಕೇ ಮಾತು ಬಿಟ್ಟಿದ್ಲು!”

ಕಸದ ಬುಟ್ಟಿ ಬಗ್ಗಿಸಿದೆವು. ಸರವಿಲ್ಲ.

ಉಳಿದವರು ಬೀಗಿತ್ತಿ, ಗಂಡಿನ ತಾಯಿ. ಬೆಳಗ್ಗೆ ಬಂದವರೇ “ನಮ್ಮನೆ ಸೊಸೆ ರದ್ದಿ ಹಾಕ್ಕೊಂಡು ಬರ್ತಾಳಾ?” ಎಂದು ಮೂಗು ಮುರಿದಿದ್ದರು. ಈಗ ಅದೇ ಅಡುಗೆಮನೆಯ ಮೂಲೆಯಲ್ಲಿ, ಸ್ಟೂಲಿನ ಮೇಲೆ ಶಾಲು ಹೊದ್ದು ಕೂತು ಬೆವರುತ್ತಿದ್ದರು. ಕರೆದರೆ ಸ್ಟೂಲಿನ ಸಮೇತ ಇತ್ತ ತಿರುಗಿದರು.

“ಸರ ನೋಡಿದ್ರಾ?”

“ನನಗ್ಯಾಕೆ ಅದು? ನೆಗಡಿ, ಮೂಗು ಕಟ್ಟಿದೆ. ಅದರ ಮೇಲೆ ಈ ವಾರ್ನಿಷ್ ವಾಸನೆ ಬೇರೆ—ತಲೆ ಸಿಡೀತಿದೆ!”

“ಇವರೇ ಒಲೆಗೆ ಹಾಕಿರ್ಬೇಕು ಕಣೇ,” ಎಂದು ನಾನು ಪಿಸುಗುಟ್ಟಿದೆ.

“ನೀವು ಸುಮ್ನಿರಿ.”

ಹಿಂದೆಯೇ ಬಂದಿದ್ದ ಹುಡುಗಿಯ ಕಣ್ಣು ತುಂಬಿತ್ತು. “ಅತ್ತೆ, ಇಷ್ಟ ಇಲ್ದಿದ್ರೆ ಈಗ್ಲೇ ಹೇಳ್ಬಿಡಿ. ಇದು ನನ್ನ ಕೆಲಸ. ಮದುವೆ ಆದ್ಮೇಲೂ ಬಿಡಲ್ಲ.”

ಬೀಗಿತ್ತಿ ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು. ನನ್ನ ಹೆಂಡತಿ ಮಾತ್ರ ನಕ್ಕುಬಿಟ್ಟಳು!

“ವಾರ್ನಿಷ್ ಬಳಿದಿದ್ದು ಮಹಡಿ ಮೇಲೆ. ಇಲ್ಲಿ ನಮಗೆಲ್ಲ ಬರ್ತಿರೋದು ಬರೀ ಈರುಳ್ಳಿ ವಾಸನೆ. ಮೂಗು ಕಟ್ಟಿರೋ ನಿಮಗೊಬ್ರಿಗೇ ವಾರ್ನಿಷ್ ಹೇಗೆ ಬಂತು? ಮೂಗಿನ ಕೆಳಗೇ ಇದ್ರೆ ತಾನೇ? ಕರೆದ್ರೆ ಕತ್ತೂ ತಿರುಗಿಸಲಿಲ್ಲ—ಯಾಕೆ? ಬೀಗಿತ್ತಿಯವರೇ, ಶಾಲು ತೆಗೀರಿ. ಟಿಕೆಟ್ ತೋರಿಸಿ!”

ಶಾಲು ಜಾರಿತು. ಕತ್ತಿನಲ್ಲಿ ಕೆಂಪು ಸರ! ಒಣಗದ ಮಣಿಗಳು ಚರ್ಮಕ್ಕೆ ಅಂಟಿದ್ದವು. ಕೊಂಡಿ ಕೂದಲಿಗೆ ಸಿಕ್ಕಿಕೊಂಡಿತ್ತು.

“ಸುಮ್ನೆ ಒಂದ್ಸಲ ಕನ್ನಡೀಲಿ ನೋಡ್ಕೊಳ್ಳೋಣ ಅಂತ ಹಾಕ್ಕೊಂಡೆ ಕಣಮ್ಮಾ… ಬಿಚ್ಚೋಕೇ ಬರ್ಲಿಲ್ಲ. ರದ್ದಿ ಅಂದ ಬಾಯಲ್ಲಿ ಹೇಗೆ ಹೇಳ್ಲಿ?”

ಅಣ್ಣ ನಕ್ಕ ರಭಸಕ್ಕೆ ಸೌಟು ಕೆಳಗೆ ಬಿತ್ತು. ಹುಡುಗಿ ಕಣ್ಣೊರೆಸಿಕೊಂಡು, ಬೆರಳಿಗೆ ಎಣ್ಣೆ ಸವರಿ ಒಂದೊಂದೇ ಮಣಿ ಬಿಡಿಸಿದಳು. “ಅಲ್ಲಾಡಬೇಡಿ ಅತ್ತೆ!” ಕತ್ತಿನ ಸುತ್ತ ಕೆಂಪು ಚುಕ್ಕೆಗಳು ಉಳಿದವು.

“ಸೋಪು ಹಾಕಿ ಉಜ್ಜಿದ್ರೆ ಹೋಗುತ್ತೆ.”

“ಇರ್ಲಿ ಬಿಡು.”

ಸಂಜೆ ಹುಡುಗಿ ಸರ ಹಾಕಿಕೊಂಡೇ ಹೊರಟಳು. ನೆಂಟರಿಷ್ಟರಿಗೆಲ್ಲ ಬೀಗಿತ್ತಿ ತಮ್ಮ ಕತ್ತಿನ ಚುಕ್ಕೆ ತೋರಿಸಿದ್ದೇ ತೋರಿಸಿದ್ದು. “ನನ್ನ ಸೊಸೆ ಕೈಕೆಲಸ! ಇದು ಬರೀ ಗುರುತು. ನನ್ನ ಸರ ಆಮೇಲೆ ಮಾಡ್ಕೊಡ್ತಾಳೆ—ಅವಳದ್ದಕ್ಕಿಂತ ಒಂದೆಳೆ ಜಾಸ್ತಿ!”