ಹಾಲಸಿದ್ದನ ರವಿವಾರಗಳು

"ದಾದಾಸಾಹೇಬರ, ಮೊದಲ ಏಳ್ರಿ. ನಮ್ಮ ಹಾಲಸಿದ್ದನ್ನ ಪೊಲೀಸರಿಗೆ ಕೊಡತಾರಂತ!"

ಚೆನ್ನವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಿದ್ದಳು. ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಅವಳದೊಂದು ಖಾನಾವಳಿ. ಕರ್ನಾಟಕದ ಕಡೆಯಿಂದ ಕೆಲಸಕ್ಕೆ ಬಂದ ಒಂಟಿ ಗಂಡಸರೆಲ್ಲ ಅಲ್ಲೇ ಉಣ್ಣುತ್ತಿದ್ದರು. ಅದು ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆ, ಒಂದು ಸೋಮವಾರದ ಮುಂಜಾನೆ.

ದಾದಾಸಾಹೇಬರು ನಾಂದಣಿಯ ಜೈನರು. ಪೊಲೀಸ್ ಜಮಾದಾರರಾಗಿ ನಿವೃತ್ತರಾಗಿ ನಮ್ಮ ಓಣಿಯಲ್ಲಿ ಮನೆ ಮಾಡಿದ್ದರು. ಏನಾದರೂ ನಡೆದರೆ ಜನ ಠಾಣೆಗಿಂತ ಮೊದಲು ಅವರ ಕಟ್ಟೆಗೆ ಬರುತ್ತಿದ್ದರು. ಅವರ ಮುಂದಿನ ಖೋಲಿಯಲ್ಲಿ ನಾನು ಬಾಡಿಗೆಗಿದ್ದೆ. ಹಗಲು ಬಟ್ಟೆ ಅಂಗಡಿಯಲ್ಲಿ ಗುಮಾಸ್ತಿಕೆ, ಸಂಜೆ ಶಾಲೆಯಲ್ಲಿ ಓದು. ಆ ಶಾಲೆಯ ದೆಸೆಯಿಂದ ಅವರು ನನ್ನನ್ನು 'ಮಾಸ್ತರ' ಎನ್ನುತ್ತಿದ್ದರು. ಅದು ಪ್ರೀತಿಯೋ ಚೇಷ್ಟೆಯೋ ನನಗೆ ಕಡೆಗೂ ತಿಳಿಯಲಿಲ್ಲ.

"ಕೂಡವ್ವಾ. ಏನ ಮಾಡ್ಯಾನಂತ?"

"ಜಯಪಾಲಣ್ಣಾರ ಶೆಡ್ಡಿನ್ಯಾಗ ಮಗ್ಗಕ್ಕ ಹೊಸಾ ಹಾಸಿನ ನೂಲು ಏರಿಸಿದ್ರಲ್ರಿ, ಅದನ್ನ ಯಾರೋ ಕಚಕಚ ಕತ್ತರಿಸ್ಯಾರ. ರವಿವಾರ ಶೆಡ್ಡು ಬಂದ್ ಇತ್ತು. ಇವತ್ತ ಬಾಗಲಾ ತಗದು ನೋಡಿದ್ರ ಹಿಂಗ. ನಿನ್ನೆ ಎಲ್ಲಿದ್ದೆಪಾ ಅಂತ ಕೇಳಿದ್ರ ಇಂವ ಬಾಯಿನs ಬಿಡವಲ್ಲ."

"ನಿನ್ನ ಖಾನಾವಳ್ಯಾಗ ಇರಲಿಲ್ಲೇನು?"

"ರವಿವಾರ ಅಂವ ನನ್ನ ಕೈಲೆ ಎಂದೂ ಉಂಡಿಲ್ರಿ. ಹೆಸರು ಹಾಲಸಿದ್ದ, ಆದ್ರ ಕಿರಿಸ್ತಾನ. ಮುಂಜಾನೆ ಪ್ರಾರ್ಥನಾಕ್ಕರ ಹೋಗತಾನೇನು ಅಂದ್ರ ಅದೂ ಇಲ್ಲ. 'ನೀ ಯಾವ ದೇವರಿಗೆ ಸೇರಿದಾಂವೋ' ಅಂತ ಕಾಡಿಸಿದ್ರ ಸುಮ್ಮನ ನಗತಾನ. ಏನರ ಇರಲಿ, ಅಂವ ಕತ್ತರಿ ಹಿಡಿಯೂ ಮನಶ್ಯಾ ಅಲ್ಲ."

ನಾನೂ ಹಾಲಸಿದ್ದನೂ ಊರಿನ ಸಣ್ಣ ಕನ್ನಡ ಕ್ರೈಸ್ತ ಸಭೆಗೆ ಸೇರಿದವರು. ಮುಂಜಾನೆಯ ಆರಾಧನೆಯಲ್ಲಿ ಅವನನ್ನು ನಾನು ಕಂಡದ್ದೇ ಇಲ್ಲ. ಯಾವಾಗಲಾದರೂ ಸಂಜೆ ತಡವಾಗಿ ಬಂದು ಕಡೆಯ ಸಾಲಿನಲ್ಲಿ ಕೂಡುತ್ತಿದ್ದ, ಒಮ್ಮೊಮ್ಮೆ ನಿದ್ದೆ ಹೋಗುತ್ತಿದ್ದ. ಅವನ ವಿಶ್ವಾಸ ಎಷ್ಟರದು ಎಂದು ನಾನೂ ಮನಸ್ಸಿನಲ್ಲಿ ಅಳೆದಿದ್ದೆ.

ಶೆಡ್ಡಿನಲ್ಲಿ ಮಗ್ಗಗಳು ನಿಂತಿದ್ದವು. ಆ ಮೌನ ಕಿವಿಗೆ ಹೊಸದೆನಿಸಿತು. ಮೂಲೆಯ ಮಗ್ಗದ ಹಿಂದೆ, ಹಾಸಿನ ನೂಲು ಸುತ್ತಿದ ದಪ್ಪ ಉರುಳೆಯಿಂದ ಬಿಳಿ ಎಳೆಗಳು ಕಡಿದು ಜೋತುಬಿದ್ದಿದ್ದವು. ಮಾಲಕ ಜಯಪಾಲ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ.

"ನೋಡ್ರಿ ದಾದಾ. ಆರ್ಡರ ಅರ್ಜಂಟ ಐತಿ, ರವಿವಾರ ಒಂದಿನಾ ಮಗ್ಗಾ ನಡಸು ಅಂತ ಶನಿವಾರ ಇಂವಗ ಅಂದೆ. ಆಗೂದಿಲ್ಲ ಅಂದ. ಬೈದೆ. ಅದರ ಸಿಟ್ಟು ಇದು. ಆಗೂದಿಲ್ಲ ಅಂತ ಬಾಳಾಸಾಹೇಬರೂ ಅಂದ್ರು, ಆದ್ರ ಅವರ ಮಾತ ಬ್ಯಾರೆ. ಕರ್ತನ ದಿನಾ ಮಗ್ಗಾ ಮುಟ್ಟೂದು ಪಾಪ ಅಂತ ಎಲ್ಲಾರ ಮುಂದ ವಚನಾ ಓದಿ ಹೇಳಿದ್ರು. ಅವರು ಖರೇ ದೈವಭಕ್ತರು."

ಬಾಳಾಸಾಹೇಬರು ಆ ಶೆಡ್ಡಿನ ಜಾಬರು, ಮಗ್ಗಗಳ ರಿಪೇರಿ ನೋಡಿಕೊಳ್ಳುವವರು. ನಮ್ಮ ಸಭೆಯ ಹಿರಿಯರೂ ಹೌದು. ಅಂಗಿಯ ಮೇಲೆ ಬೆಳ್ಳಿಯ ಶಿಲುಬೆ, ಕಂಕುಳಲ್ಲಿ ಸತ್ಯವೇದ. ಅವರು ಮುಂದೆ ಬಂದು ಆ ಗ್ರಂಥದ ಮೇಲೆ ಕೈಯಿಟ್ಟರು.

"ನಮ್ಮ ಸಭೆದಾಂವ ಅಂತ ಮುಚ್ಚಿಡಾಕ ಬರೂದಿಲ್ರಿ. ನಿನ್ನೆ ಮಧ್ಯಾಹ್ನ ಹಾಲಸಿದ್ದ ಈ ಹಿತ್ತಲ ಕಡೆ ಹೋಗೂದನ್ನ ನಾ ಕಣ್ಣಾರೆ ನೋಡೇನಿ."

ಶೆಡ್ಡಿನ ಕೀಲಿ ಇದ್ದದ್ದು ಎರಡೇ. ಒಂದು ಮಾಲಕನ ಹತ್ತಿರ, ಇನ್ನೊಂದು ಜಾಬರ ಹತ್ತಿರ. ಆದರೆ ಹಿಂದಿನ ಕಿಟಕಿಯ ಸರಳೊಂದು ಬಾಗಿತ್ತು, ಒಬ್ಬ ಮನುಷ್ಯ ನುಸುಳುವಷ್ಟು. ದಾದಾಸಾಹೇಬರು ಕಿಟಕಿಯ ಕಟ್ಟೆಯ ಮೇಲೆ ಒಂದು ಬೆರಳು ಎಳೆದು ನನಗೆ ತೋರಿಸಿದರು. ಬೆರಳಿಗೆ ಬೆಳ್ಳಗೆ ಹತ್ತಿ ಮೆತ್ತಿಕೊಂಡಿತ್ತು. ಕಟ್ಟೆಯ ಮೇಲೆ ಆ ಬೆರಳಿನ ಗೆರೆ ಬಿಟ್ಟು ಬೇರೆ ಗುರುತಿರಲಿಲ್ಲ.

"ಏನ ಕಾಣತೈತಿ ಮಾಸ್ತರ?"

"ಹತ್ತಿ ಧೂಳ್ರಿ. ಶೆಡ್ಡಿನ್ಯಾಗ ಎಲ್ಲಾ ಕಡೆ ಇರತೈತಿ."

"ಹೂಂ," ಎಂದು ಅವರು ಮಗ್ಗದ ಹಿಂದೆ ಕುಳಿತರು. ಕಡಿದ ನೂಲನ್ನೆಲ್ಲ ಬಳಿದು ಮಡಿಲಿಗೆ ಹಾಕಿಕೊಂಡು, ಉರುಳೆಯಲ್ಲಿ ಉಳಿದದ್ದನ್ನು ನೋಡಿದರು, ಮತ್ತೆ ಮಡಿಲು ನೋಡಿದರು. "ಇಲ್ಲೆ ಯಾರರ ಕಸಾ ಹೊಡದಾರೇನು?"

"ಇಲ್ರಿ ದಾದಾ. ಕಾಲ ಸೈತ ಇಡಬ್ಯಾಡ್ರಿ ಅಂದೇನಿ."

ಹಾಲಸಿದ್ದ ಬಾಗಿಲ ಹೊರಗೆ ಬಿಸಿಲಲ್ಲೇ ಕುಳಿತಿದ್ದ. ನಡುವಯಸ್ಸಿನ ಬಡಕಲು ಆಳು.

"ನಿನ್ನೆ ಎಲ್ಲಿದ್ದೆಪಾ?"

"ಇಲ್ಲಿರಲಿಲ್ರಿ."

"ಮತ್ತ ಎಲ್ಲೆ?"

"ಅದನ್ನ ಹೇಳಾಕ ಬರೂದಿಲ್ರಿ."

"ಹೇಳದಿದ್ರ ಜೈಲು."

"ಹೌದ್ರಿ," ಎಂದ, ಯಾರದೋ ವಿಷಯ ಕೇಳಿದವನಂತೆ. ಬೆವರಿನ ಹನಿಯೊಂದು ಕಣ್ಣಿಗಿಳಿಯಿತು. ಅವನು ಬೆರಳುಗಳನ್ನು ದೂರ ಹಿಡಿದು, ಭುಜವನ್ನು ಎತ್ತಿ ಕಣ್ಣೊರೆಸಿಕೊಂಡ. ಕಳ್ಳನ ಗಾಬರಿ ಎಂದುಕೊಂಡೆ ನಾನು.

ದಾದಾಸಾಹೇಬರು ಜಯಪಾಲನಿಂದ ಬುಧವಾರದವರೆಗೆ ಸಮಯ ಕೇಳಿಕೊಂಡರು. ಮನೆಗೆ ಮರಳುವಾಗ ನನಗೆ ಸುಮ್ಮನಿರಲಾಗಲಿಲ್ಲ.

"ಬಾಳಾಸಾಹೇಬರು ಆಣಿ ಮಾಡಿ ಹೇಳ್ಯಾರಂದ್ರ ಖರೇನ ಇರಬೇಕ್ರಿ. ಭಾಳ ಭಯಭಕ್ತಿ ಅವರಿಗೆ. ನಿನ್ನೆ ಸಂಜೀಕ ಸೆಕಿಗೆ ನಾವೆಲ್ಲಾ ಬೀಸಣಿಕಿ ಹಿಡದ ಕೂತಿದ್ರ, ಅವರು ಉಣ್ಣೀ ಕೋಟು ಹಾಕ್ಕೊಂಡು, ಕೊರಳ ತನಕ ಗುಂಡಿ ಬಿಗದು ನಿಂತು ಪ್ರಾರ್ಥನಾ ನಡಸಿದ್ರು. ದೇವರ ಮನೀಗೆ ಮರ್ಯಾದಿ ಅಂದ್ರ ಹಿಂಗಿರಬೇಕು ಅಂತ ಎಲ್ಲಾರೂ ಅಂದ್ರು."

ದಾದಾಸಾಹೇಬರು ನಿಂತರು. "ಪ್ರತಿ ರವಿವಾರ ಕೋಟು ಇರತೈತೇನು?"

"ಇಲ್ರಿ. ಕ್ರಿಸ್ಮಸ್‌ನ್ಯಾಗ ಅಷ್ಟ. ಉಳದಂಗ ಬಿಳೀ ಅಂಗಿ."

ಮರುದಿನ ಅವರು ನನಗೆ ರಜೆ ಹಾಕಿಸಿ ಗಡಹಿಂಗ್ಲಜದ ಬಸ್ಸು ಹತ್ತಿಸಿದರು. ಸಂಕೇಶ್ವರ ದಾಟಿದ ಮೇಲೆ ಬಾಯಿಬಿಟ್ಟರು.

"ಅವನ ಬೆರಳು ನೋಡಲಿಲ್ಲೇನು? ಅದು ಖಾರ ಕುಟ್ಟಿದ ಕೈ. ಮರುದಿನಾ ಸೈತ ಕಣ್ಣಿಗೆ ಹಚ್ಚಾಕ ಬರೂದಿಲ್ಲ. ಖಾನಾವಳ್ಯಾಗ ಉಣ್ಣೂ ಒಂಟಿ ಗಂಡಸು ಯಾರ ಮನೀ ಖಾರ ಕುಟ್ಟಿದ? ಸ್ಟ್ಯಾಂಡಿನ್ಯಾಗ ಕೇಳಿದೆ. ಪ್ರತಿ ರವಿವಾರ ನಸುಕಿನ್ಯಾಗ ಈ ಬಸ್ಸಿಗೆ ಬರತಾನಂತ. ಕಂಡಕ್ಟರಗ ಓಣೀನೂ ಗೊತ್ತೈತಿ."

ಗಡಹಿಂಗ್ಲಜದ ಆ ಓಣಿಯಲ್ಲಿ ಒಬ್ಬ ಹೆಂಗಸು ಹಪ್ಪಳ ಒಣಹಾಕುತ್ತಿದ್ದಳು. ರವಿವಾರ ಬರುವ ಬಡಕಲು ಆಳಿನ ಗುರುತು ಹೇಳಿ ಕೇಳಿದೆವು.

"ಯಾರು, ತಂಗೆವ್ವನ ಮನೀಗೆ ಬರೂ ಭರಮಪ್ಪನೇನ್ರಿ? ಅಕಿ ಮಗನ ದೋಸ್ತ ಅಂತ. ನೀರ ತುಂಬತಾನ, ಕಟಗಿ ಒಡೀತಾನ. ಮೊನ್ನೆ ರವಿವಾರ ಇಡೀ ದಿನಾ ವರ್ಷದ ಖಾರ ಕುಟ್ಟಿದ. ಓಣಿಗೆ ಓಣೀನs ಸೀನಾಕತ್ತಿತ್ತು ನೋಡ್ರಿ!"

ಎದುರಿನ ಹೊಸ್ತಿಲಲ್ಲಿ ಒಬ್ಬ ಮುದುಕಿ ಅಕ್ಕಿ ಹಸನು ಮಾಡುತ್ತಿದ್ದಳು. ಅವಳನ್ನು ಕಂಡದ್ದೇ ದಾದಾಸಾಹೇಬರು ನನ್ನ ತೋಳು ಹಿಡಿದು ಗೋಡೆಯ ಮರೆಗೆ ಎಳೆದರು. ಬಸ್ ಸ್ಟ್ಯಾಂಡ್ ಸೇರಿದ ಮೇಲೆ ಹೇಳಿದರು.

"ಆಕಿ ನನ್ನ ಗುರತಾ ಹಿಡೀತಿದ್ಲು. ಉತ್ತೂರಿನ ಕೊಲೆ ಖಟ್ಲೆ ಅದು. ನಾನ ಪಂಚನಾಮಾ ಮಾಡಿದ್ದೆ. ಹೊಲದ ಬದುವಿನ ಜಗಳಾ. ಈಕಿ ಮಗಾ ನಾಮದೇವ, ಬೀರಪ್ಪ ಅನ್ನಾಂವಗ ಗುದ್ದಲೀಲೆ ಹೊಡದ. ಬೀರಪ್ಪ ಅಲ್ಲೇ ಸತ್ತ. ನಾಮದೇವ ಇನ್ನೂ ಕೊಲ್ಹಾಪುರದ ಜೈಲಿನ್ಯಾಗ ಅದಾನ. ಬೀರಪ್ಪನ ಅಣ್ಣ ಕೋರ್ಟಿನ್ಯಾಗ 'ನಿನ್ನ ಮನೀಗೆ ದೀಪಾ ಹಚ್ಚಾಕ ಯಾರನ್ನೂ ಉಳಸೂದಿಲ್ಲ' ಅಂತ ಕೂಗ್ಯಾಡಿದ್ದ. ನಾಲ್ಕ ಮಂದಿ ಹಿಡದಿದ್ವಿ. ಆಗ ಕಲ್ಲಿ ಮೀಸಿ, ಹೋರೀಯಂಥಾ ಮೈ. ಅದಕ್ಕ ನಿನ್ನೆ ಗುರತಾ ಹತ್ತಲಿಲ್ಲ."

"ಯಾರ್ರಿ ಅಂವ?"

"ಹಾಲಸಿದ್ದ."

ನಾನು ತಿರುಗಿ ಆ ಓಣಿಯ ಕಡೆ ನೋಡಿದೆ.

"ಈಗ ಆ ಮನೀಗೆ ನೀರ ಹೊರಾಕತ್ತಾನ, ಸುಳ್ಳ ಹೆಸರ ಹೇಳಿ," ಎಂದರು ದಾದಾಸಾಹೇಬರು. "ಎಲ್ಲಿದ್ದೆ ಅಂತ ಹೇಳಿದ್ರ ಪೊಲೀಸರು ಈ ಮುದುಕೀನ್ನ ಸಾಕ್ಷಿಗೆ ಎಳೀತಾರ. ನನ್ನ ಮಗಾ ಯಾರನ್ನ ಕೊಂದನೋ ಅವನ ಅಣ್ಣನ ಕೈಲೆ ಉಣ್ಣಾಕತ್ತೇನಿ ಅಂತ ಗೊತ್ತಾದ್ರ, ಮುಂದಿನ ತುತ್ತು ಅಕಿ ಗಂಟಲದಾಗ ಇಳದೀತೇನು? ಅದಕ್ಕ ಜೈಲಿಗೆ ಹೌದ್ರಿ ಅಂದ ಅಂವ."

"ಮತ್ತ ಬಿಡಸೂದ ಹೆಂಗ್ರಿ?"

"ಆಕೀನ್ನ ಕೇಳದನs ಬಿಡಸಬೇಕು."

ಬುಧವಾರ ಸಂಜೆ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಜಯಪಾಲ, ನಮ್ಮ ಪಾದ್ರಿಗಳು, ಬಾಳಾಸಾಹೇಬರು, ಹಾಲಸಿದ್ದ. ಯಾರೂ ಕರೆಯದಿದ್ದರೂ ಚೆನ್ನವ್ವ ಬಾಗಿಲಲ್ಲಿ ಸೆರಗು ಬಿಗಿದು ನಿಂತಿದ್ದಳು. ದಾದಾಸಾಹೇಬರು ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸಿ ಬಂದಿದ್ದರು.

"ಮೊದಲ ಕಿಟಕಿ ನೋಡ್ರಿ. ಈ ಶೆಡ್ಡಿನ್ಯಾಗ ಹತ್ತಿ ಧೂಳು ಹಾಸಿಗಿಯಂಗ ಕೂಡತೈತಿ. ಮನಶ್ಯಾ ನುಸುಳಿ ಬಂದಿದ್ರ ಕಟ್ಟಿ ಮ್ಯಾಲಿನ ಧೂಳು ಒರಸಿ ಹೋಗಬೇಕು. ಆದ್ರ ನಾ ಬೆರಳ ಎಳಿಯೂತನಕ ಅದರ ಮ್ಯಾಲೆ ಒಂದ ಗೆರೀನೂ ಇರಲಿಲ್ಲ. ಸರಳು ಒಳಗ ನಿಂತಾಂವ ಬಾಗಿಸ್ಯಾನ, ನಮಗ ತೋರಸಾಕ. ಅಂದ್ರ ಅಂವ ಬಂದದ್ದು ಬಾಗಲಲೆ, ಕೀಲಿ ತಗದು."

ಜಯಪಾಲ ಮೆಲ್ಲನೆ ಜಾಬರ ಕಡೆ ತಿರುಗಿದ.

"ಇನ್ನ ನೂಲು. ಉರುಳಿ ಮ್ಯಾಲಿಂದ ಹ್ವಾದದ್ದು ಭಾಳ, ನೆಲದ ಮ್ಯಾಲೆ ಬಿದ್ದದ್ದು ಸ್ವಲ್ಪ. ಸಿಟ್ಟಿಗೆ ಕತ್ತರಿಸಾಂವ ಹಂಗs ಒಗದು ಹೋಗತಾನ, ಮನೀಗೆ ಹೊತ್ತುಕೊಂಡು ಹೋಗೂದಿಲ್ಲ. ಉಳದ ನೂಲು ಎಲ್ಲಿ? ಯಾಕ ಒಯ್ದ? ಅದರ ಮ್ಯಾಲೆ ನಾವು ನೋಡಬಾರದ್ದು ಏನೋ ಇತ್ತು." ಅವರು ಉರುಳೆಯ ಅಂಚಿನ ಕಟ್ಟಿಗೆಯ ಬಿರುಕನ್ನು ಬೆರಳಿನಿಂದ ಒತ್ತಿ ತೋರಿಸಿದರು. ಬೆರಳ ತುದಿ ಕಪ್ಪಾಯಿತು. "ಮಗ್ಗದ ಎಣ್ಣಿ. ಒರಸಿದ್ರೂ ಸಂದಿನ್ಯಾಗ ಉಳದೈತಿ. ಎಣ್ಣಿ ಡಬ್ಬಿ ಹಿಡಿಯೂ ಕೆಲಸಾ ಈ ಶೆಡ್ಡಿನ್ಯಾಗ ಒಬ್ಬರದ. ಚೆಲ್ಲಿದಾಗ ಅಂಗಿಗೂ ಸಿಡದಿರಬೇಕು. ಪ್ರಾರ್ಥನಾಕ್ಕ ಹೊತ್ತಾಗಿತ್ತು, ಮನೀಗೆ ಹೋಗಿ ಅಂಗಿ ಬದಲಿಸಿದ್ರ ಹೆಂಡತಿ ಕೇಳತಾಳ. ಗೂಟದಾಗಿನ ಕೋಟು ಇಳಿಸಿ ಮ್ಯಾಲೆ ಹಾಕ್ಕೊಂಡ್ರ ಮುಗೀತು. ಭಾಳ ಭಕ್ತಿ ಅಂತ ಹೊಗಳಿದ್ರು ಮಂದಿ."

ಬಾಳಾಸಾಹೇಬರ ಕೈ ಶಿಲುಬೆಯನ್ನು ಹಿಡಿಯಲು ಹೋಗಿ ಅರ್ಧಕ್ಕೇ ನಿಂತಿತು.

"ಆ ಅಂಗಿ ತರಸೂದು ನನಗ ಬ್ಯಾಡ, ಬಾಳಾಸಾಹೇಬರ. ನೀವs ಹೇಳ್ರಿ."

ಬಾಳಾಸಾಹೇಬರ ದೊಡ್ಡ ದೇಹ ಮಗ್ಗದ ಹಲಗೆಯ ಮೇಲೆ ಕುಸಿಯಿತು.

"ಆರ್ಡರ ತಡಾ ಆಗಬಾರದಂತ ಕದ್ದು ಬಂದೆ. ಸೋಮವಾರ ಮುಂಜಾನೆ ಮಗ್ಗಾ ತಯಾರ ಇರಲಿ ಅಂತ. ಡಬ್ಬಿ ಕೈ ಜಾರಿತು. ಎಣ್ಣಿ ಚೆಲ್ಲೇತಿ ಅಂದ್ರ, ಕರ್ತನ ದಿನಾ ನೀ ಇಲ್ಲೇನ ಮಾಡಾಕತ್ತಿದ್ದಿ ಅಂತ ಕೇಳತಿದ್ರು. ಶನಿವಾರ ಅಷ್ಟ ಜೋರಲೆ ವಚನಾ ಓದಿದ್ದೆ..."

"ಎಣ್ಣಿ ಚೆಲ್ಲಿದ್ದಕ್ಕ ನಾ ಏನ ಮಾಡತಿದ್ನೋ ಮಾರಾಯಾ!" ಜಯಪಾಲ ಕೂಗಿದ. "ಎರಡ ಬೈದು ಚಹಾ ಕುಡಸತಿದ್ದೆ!"

ಪಾದ್ರಿಗಳು ಒಂದೇ ಮಾತು ಕೇಳಿದರು. "ಹಾಲಸಿದ್ದನ ಹೆಸರು ಯಾಕ ಹೇಳಿದ್ರಿ?"

"ಅಂವ ಸಭೇಕ್ಕ ಬರೂದs ಕಡಿಮಿ," ಎಂದರು ಬಾಳಾಸಾಹೇಬರು, ನೆಲ ನೋಡುತ್ತ. "ಅವನ ಸಲುವಾಗಿ ಅಳಾವರು ಯಾರೂ ಇಲ್ಲ ಅಂದಕೊಂಡೆ."

"ನಾ ಇದ್ದೆನಲ್ಲೋ ಮೂಳಾ!" ಎಂದಳು ಚೆನ್ನವ್ವ ಬಾಗಿಲಿನಿಂದ, ಅಳುತ್ತಲೇ.

ನಾನು ತಲೆ ತಗ್ಗಿಸಿದೆ. ಕೋಟನ್ನು ಹೊಗಳಿದವರಲ್ಲಿ ನಾನೂ ಒಬ್ಬನಾಗಿದ್ದೆ. ಹಾಲಸಿದ್ದ ಎದ್ದು ಮಗ್ಗದ ಹಿಂದೆ ಹೋಗಿ ಜೋತುಬಿದ್ದ ಎಳೆಗಳನ್ನು ಬಾಚಿ ಹಿಡಿದುಕೊಂಡ.

"ಬಾಳಣ್ಣಾ, ಬರ್ರಿ. ಈ ಕಡೆ ನಾ ಹಿಡೀತೇನಿ, ಆ ಕಡೆಯಿಂದ ಗಂಟ ಹಾಕ್ಕೋತ ಬರ್ರಿ. ಒಬ್ಬನ ಕೈಲೆ ಆಗೂ ಕೆಲಸಲ್ಲ ಇದು."

ಬಾಳಾಸಾಹೇಬರು ಎದ್ದರು. ಕಂಕುಳಲ್ಲಿದ್ದ ಸತ್ಯವೇದವನ್ನು ಪಾದ್ರಿಗಳ ಕೈಗೆ ಕೊಟ್ಟು ಹೋಗಿ ಅವನ ಎದುರು ಕುಳಿತರು. ಮೊದಲ ಗಂಟು ನಿಲ್ಲಲಿಲ್ಲ. ಹಾಲಸಿದ್ದ ಕಾದ.

"ಎಲ್ಲಾ ಖರೆ ದಾದಾ," ಎಂದ ಜಯಪಾಲ, "ಆದ್ರ ರವಿವಾರ ಇಂವ ಎಲ್ಲಿದ್ದ?"

"ಇಲ್ಲಿರಲಿಲ್ಲ. ನಿನಗ ಅಷ್ಟ ಗೊತ್ತಿದ್ರ ಸಾಕು."

ಹಾಲಸಿದ್ದ ತಲೆಯೆತ್ತಿ ದಾದಾಸಾಹೇಬರನ್ನು ನೋಡಿದ. ಅವರು ಟೊಪ್ಪಿಗೆ ಸರಿಪಡಿಸಿಕೊಂಡು ಹೊರಟೇಬಿಟ್ಟರು.

ಅಷ್ಟಕ್ಕೇ ಮುಗಿಯಿತೆಂದುಕೊಂಡಿದ್ದೆ. ಆದರೆ ದಾದಾಸಾಹೇಬರಿಗೆ ಸಮಾಧಾನವಿರಲಿಲ್ಲ. ಓಣಿಯಲ್ಲಿ ಯಾರೋ ವಿಚಾರಿಸಿಕೊಂಡು ಹೋದರೆಂದು ಹಪ್ಪಳದ ಹೆಂಗಸು ಹೇಳಿದ್ದರೆ, ಮುದುಕಿಯ ಮನಸ್ಸಿನಲ್ಲಿ ಸಂಶಯ ಹುಟ್ಟಬಹುದು. ಶನಿವಾರ ಪಿಂಚಣಿಯ ಕೆಲಸಕ್ಕೆ ಕೊಲ್ಹಾಪುರಕ್ಕೆ ಹೋದವರು ನನ್ನನ್ನೂ ಕರೆದುಕೊಂಡು ಅಲ್ಲೇ ಉಳಿದು, ರವಿವಾರ ಅಲ್ಲಿಂದಲೇ ಗಡಹಿಂಗ್ಲಜದ ಮೊದಲ ಬಸ್ಸು ಹಿಡಿದರು. ಹಾಲಸಿದ್ದನ ಬಸ್ಸು ಬರಲು ಇನ್ನೂ ಹೊತ್ತಿತ್ತು.

ತಂಗೆವ್ವ ಅವರನ್ನು ನೋಡಿದ ಕೂಡಲೇ ಗುರುತಿಸಿದಳು. "ಜಮಾದಾರ್ರ! ನನ್ನ ಮಗಾ ಚಲೋ ಅದಾನಿಲ್ರಿ?"

"ಚಲೋ ಅದಾನವ್ವಾ. ಅವನ ಸುದ್ದಿ ಅಲ್ಲ. ಹಿಂಗs ಈ ಕಡೆ ಬಂದಿದ್ವಿ." ದಾದಾಸಾಹೇಬರು ಮಾತು ಹುಡುಕಿದರು. "ಭರಮಪ್ಪ ಅನ್ನಾಂವ ನಿನಗ ಆಸರ ಅದಾನಂತ..."

ಮುದುಕಿ ಬಾಗಿಲು ಮುಂದೆ ಮಾಡಿ ಬಂದು ಹತ್ತಿರ ಕುಳಿತಳು.

"ಹಾಲಸಿದ್ದನೇನ್ರಿ?"

ದಾದಾಸಾಹೇಬರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಉಣ್ಣೂ ಮೊದಲ ಕಣ್ಣ ಮುಚ್ಚಿ ಗುಣುಗುಣು ಅಂತಾನ್ರಿ. ಮುದಿಕಿ, ಕಿವಿ ಕೇಳೂದಿಲ್ಲ ಅಂತ ತಿಳಕೊಂಡಾನ. ಒಂದಿನಾ ನನ್ನ ನಾಮದೇವನ ಹೆಸರು ತಗೊಂಡ, ಅವನ್ನ ಕಾಯಿ ಅಂತ. ಅದರ ಬೆನ್ನಿಗೇ ಬೀರಪ್ಪನ ಹೆಸರು. ಆ ಎರಡೂ ಹೆಸರು ಒಂದ ಉಸರಿನ್ಯಾಗ ತಗೊಂಡು ಅಳಾಂವ ಈ ಭೂಮಿ ಮ್ಯಾಲೆ ಇನ್ಯಾವಾಂವ ಇದ್ದಾನ್ರಿ?"

"ಗೊತ್ತಾಗೇತಿ ಅಂತ ಅಂವಗ ಹೇಳಲಿಲ್ಲ ಯಾಕವ್ವಾ?" ಎಂದು ನಾನು ಕೇಳಿದೆ.

"ಹೇಳಿದ್ರ ನಾ ಅವನ ಕಾಲಿಗೆ ಬೀಳಬೇಕ ತಮ್ಮಾ. ಬೀಳಾಕ ಅಂವ ಬಿಡೂದಿಲ್ಲ. ಆಮ್ಯಾಲೆ ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡೂದ ಹೆಂಗ? ಅಂವಗ ತಾಯಿ ಇಲ್ಲ. ನನ್ನ ಮಗಾ ಬರಾಕ ಇನ್ನೂ ವರ್ಷ ಅದಾವ. ಹಿಂಗs ನಡೀಲಿ ಬಿಡ್ರಿ. ನೀವೂ ಅಂವಗ ಏನೂ ಹೇಳಬ್ಯಾಡ್ರಿ."

ಓಣಿಯ ತುದಿಯಲ್ಲಿ ಯಾರೋ ಮಾತಾಡಿಸಿದ್ದು ಕೇಳಿಸಿತು. ಮುದುಕಿ ದಡಬಡಿಸಿ ಎದ್ದು ನಮ್ಮನ್ನು ಹಿತ್ತಲ ಬಾಗಿಲಿನಿಂದ ಹೊರಗೆ ಕಳಿಸಿದಳು.

ಗೋಡೆಯ ಆಚೆ ಅವಳ ದನಿ ಬಂತು. "ಬಂದ್ಯಾ ಭರಮಾ? ಬಿಸಲ ಭಾಳ ಐತಿ. ಕೈಕಾಲ ತೊಳಕೊ, ಉಣ್ಣೂಣು."

ತಂಬಿಗೆಯ ನೀರಿನ ಸದ್ದು, ಆಮೇಲೆ ತಾಟು ಇಟ್ಟ ಸದ್ದು. ಗಂಡು ಧ್ವನಿಯೊಂದು ಮೆಲ್ಲಗೆ ಗುಣುಗುಡತೊಡಗಿತು. ನಾನು ಕಿವಿಗೊಟ್ಟು ನಿಂತುಬಿಟ್ಟಿದ್ದೆ.

ದಾದಾಸಾಹೇಬರು ನನ್ನ ಭುಜ ಹಿಡಿದರು.

"ನಡಿ ಮಾಸ್ತರ," ಎಂದರು ಪಿಸುದನಿಯಲ್ಲಿ. "ಅದು ನಮಗ ಹೇಳಾಕತ್ತಿದ್ದಲ್ಲ."