ಒಂದು ಗೇಣು ಕಪ್ಪು ಮಣ್ಣು

"ರಿಜಿಸ್ಟ್ರಿ ಮುಗಿಯೋ ತನಕ ಅಲ್ಲೇ ಇರಿ ಸಾ. ತಲೆ ಎತ್ತಿದ್ರೆ ಹಾರೆ ಬೀಳ್ತದೆ!"

ನಾನು ತಲೆ ಎತ್ತಲಿಲ್ಲ.

ನಾನಿದ್ದದ್ದು ಎದೆಮಟ್ಟದ ಗುಂಡಿಯಲ್ಲಿ. ನಾನೇ ತೋಡಿಸಿದ್ದು. ಅಂಚಿನಲ್ಲಿ ಹಾರೆ ಹಿಡಿದು ನಿಂತವನು ಮುನಿಯಲ್ಲಪ್ಪ. ಇಟ್ಟಿಗೆ ಗೂಡಿನ ಮಾಲೀಕ ವೆಂಕಟರಾಯಪ್ಪ ಮೂರು ತಿಂಗಳ ಹಿಂದೆ ಮುಳಬಾಗಿಲಿನಿಂದ ಕರೆಸಿಕೊಂಡ ಆಳು. ಕೂಲಿಗಳನ್ನು ಹದ್ದುಬಸ್ತಿನಲ್ಲಿಡುವುದು ಅವನ ಕೆಲಸ. ಆ ದಿನದ ಹದ್ದುಬಸ್ತು ನನಗೆ.

ಊರು ಮಾಲೂರು. ಇಸವಿ ೧೯೭೮. ಸುಡುವ ಬಿಸಿಲು.

ನಾನು ಪೊಲೀಸ್ ಅಲ್ಲ... ಸಾಯಿಲ್ ಸರ್ವೆಯವನು, ಮಣ್ಣು ಪರೀಕ್ಷೆ ಮಾಡುವವನು. ಪೊಲೀಸರು ಜನರ ಹೇಳಿಕೆ ತೆಗೆದುಕೊಳ್ಳುತ್ತಾರೆ. ನಾನು ನೆಲದ ಹೇಳಿಕೆ ತೆಗೆದುಕೊಳ್ಳುತ್ತೇನೆ. ನೆಲಕ್ಕೆ ಕೋರ್ಟಿನಲ್ಲಿ ಮಾತು ಬದಲಿಸುವ ಅಭ್ಯಾಸವಿಲ್ಲ.

ಕೇಸು ಸರಳ. ವಕ್ಕಲೇರಿಯ ಭಾರತಮ್ಮನಿಗೆ ಇದ್ದದ್ದು ಒಂದೇ ಎಕರೆ. ಆಳವಾದ ಕೆಂಪು ಜೇಡಿ, ಕಲ್ಲಿಲ್ಲ. ರಾಗಿಗೆ ಒಳ್ಳೆಯದು... ಇಟ್ಟಿಗೆಗೆ ಇನ್ನೂ ಒಳ್ಳೆಯದು! ಅದಕ್ಕೆ ಬದಲಾಗಿ ಮಾಲೂರಿನಲ್ಲಿ ಎರಡು ಎಕರೆ ಕಪ್ಪು ಮಣ್ಣು ಕೊಡುತ್ತೇನೆಂದ ವೆಂಕಟರಾಯಪ್ಪ. ಭಾರತಮ್ಮ ಬಂದಳು, ಗುದ್ದಲಿಯಲ್ಲಿ ಎರಡೇಟು ಹಾಕಿದಳು, ಮುಷ್ಟಿಯಲ್ಲಿ ಹಿಡಿದು ಮೂಸಿದಳು. ಒಪ್ಪಿದಳು. ಈ ಕಡೆ ಎಲ್ಲರೂ ಮಣ್ಣು ನೋಡುವುದು ಹಾಗೆಯೇ.

ವೆಂಕಟರಾಯಪ್ಪನಿಗೂ ಅದು ಗೊತ್ತಿತ್ತು.

"ಹಿಪ್ಪುನೇರಳೆ ಬರ್ತದಾ ನೋಡಿ ಸಾಮಿ, ನಾಳೆ ರಿಜಿಸ್ಟ್ರಿ" ಎಂದು ಅವಳು ಹಿಂದಿನ ದಿನ ನನ್ನನ್ನು ಕೇಳಿದ್ದಳು. ಅಷ್ಟಕ್ಕೇ ಬಂದೆ. ಬಂದರೆ... ದಿಬ್ಬದ ಮೇಲೆ ಕಪ್ಪು ಮಣ್ಣು! ಈ ಸೀಮೆಯಲ್ಲಿ ಅದು ತಗ್ಗಿನಲ್ಲಿ, ಕೆರೆಯ ಕಡೆ ಇರಬೇಕು. ಮಣ್ಣು ತಾನಾಗಿ ದಿಬ್ಬ ಹತ್ತುವುದಿಲ್ಲ.

ಲಾರಿ ಹತ್ತುತ್ತದೆ.

ಗುಂಡಿಯ ಗೋಡೆಯನ್ನು ಚಾಕುವಿನಿಂದ ಕೆರೆದೆ. ಮೇಲೆ ಒಂದು ಗೇಣು ಕಪ್ಪು. ಅದರೊಳಗೆ ಸಣ್ಣ ಸಣ್ಣ ಬಸವನಹುಳದ ಚಿಪ್ಪು. ಅಂದರೆ ಕೆರೆಯ ಹೂಳು! ಅದರ ಕೆಳಗೆ ದಾರ ಹಿಡಿದು ಎಳೆದಂಥ ಗೆರೆ. ಒಳ್ಳೆಯ ನೆಲದಲ್ಲಿ ಬಣ್ಣ ನಿಧಾನವಾಗಿ ಬದಲಾಗುತ್ತದೆ, ಬೇರು ಕೆಳಗಿಳಿದಿರುತ್ತದೆ. ಇಲ್ಲಿ ಗೆರೆಯಿಂದಾಚೆ ತಳದವರೆಗೂ ಬೂದಿ. ಅರೆಬೆಂದ ಇಟ್ಟಿಗೆ ಚೂರು.

ಇಟ್ಟಿಗೆಗೆ ಮಣ್ಣು ತೆಗೆದು ಮುಗಿಸಿದ ಹಳೆಯ ಹೊಂಡ. ಕಸ ತುಂಬಿ, ಮೇಲೆ ಹೂಳು ಹೊದಿಸಿದ್ದಾರೆ.

"ಮುನಿಯಲ್ಲಪ್ಪ, ನಿನ್ನ ಯಜಮಾನ ನಿನಗೇನು ಕೊಡ್ತಾನೆ?"

"ನಿಮಗ್ಯಾಕೆ ಸಾ?"

"ಸುಮ್ನೆ. ಟೈಮ್ ಇದೆಯಲ್ಲ."

ಬದುವಿನಾಚೆಗೆ ಗಲ್ಲದಿಂದಲೇ ತೋರಿಸಿದ. "ಆ ಅರ್ಧ ಎಕರೆ. ಟೊಮೆಟೊ ಹಾಕ್ತೀನಿ. ಎಣ್ಣೆ ಹಾಕ್ದಂಗದೆ ಮಣ್ಣು!"

"ಅಗೆದು ನೋಡಿದ್ಯಾ?"

"ಓ... ಗುದ್ದಲೀಲಿ ನೋಡ್ದೆ."

ನನ್ನ ಆಗರ್ ಮೇಲಕ್ಕೆಸೆದೆ. ನೆಲಕ್ಕೆ ತಿರುಗಿಸಿ ಇಳಿಸುವ ಉದ್ದನೆಯ ಬೈರಿಗೆ ಅದು. "ನಿನ್ನ ಜಮೀನಲ್ಲಿ ತಿರುಗಿಸು. ನಾನೆಲ್ಲೂ ಹೋಗಲ್ಲ."

"ನನ್ನೇನು ಪೆದ್ದ ಅಂದ್ಕೊಂಡ್ರಾ?"

"ಅದನ್ನೇ ನೋಡೋಣ ಅಂತ."

ಹಾರೆ ಕಂಕುಳಲ್ಲಿಟ್ಟುಕೊಂಡೇ ಹೋದ. ತಿರುಗಿಸಿದ. ಎಳೆದ. ಕಪ್ಪು. ನನ್ನ ಕಡೆ ನೋಡಿ ಹಲ್ಲು ಬಿಟ್ಟ. ಮತ್ತೆ ಇಳಿಸಿದ, ಮತ್ತೆ ಎಳೆದ...

ಹಲ್ಲು ಒಳಗೆ ಹೋಯಿತು.

ವಾಪಸು ಬಂದು ಗುಂಡಿಯೊಳಗೆ ಕೈ ಚಾಚಿದ. ಹಾರೆ ಇಲ್ಲದ ಕೈ.

"ಗಾಡಿ ಹತ್ತಿ ಸಾ!"

ಅವನ ರಾಜದೂತ್ ಬೈಕು ಹಾರಿತು. ಹಿಂದೆ ಆಗರ್ ಹಿಡಿದು ನಾನು. ನನ್ನ ಹಿಂದೆ ಗೂಡಿನ ಲಾರಿ! ಗುಂಡಿ ಕಾಯಬೇಕಾದವನು ಗುಂಡಿಯಲ್ಲಿದ್ದವನನ್ನೇ ಕೂರಿಸಿಕೊಂಡು ಹೋಗುವುದನ್ನು ಡ್ರೈವರ್ ಕಂಡಿದ್ದ.

ಹಾರನ್... ಧೂಳು... ಮುಂದೆ ರೈಲ್ವೆ ಗೇಟು ಇಳಿಯುತ್ತಿತ್ತು!

"ಬಗ್ಗಿ ಸಾ!"

ಬಗ್ಗಿದೆವು. ದಾಟಿದೆವು. ಲಾರಿಗೆ ಬಗ್ಗಲು ಬರುವುದಿಲ್ಲ. ಗೂಡ್ಸ್ ರೈಲು ಬಂತು. ಬರುತ್ತಲೇ ಇತ್ತು. ರೈಲ್ವೆಯವರನ್ನು ನಾನು ಮೆಚ್ಚಿದ್ದು ಅದೊಂದೇ ಸಲ.

ರಿಜಿಸ್ಟ್ರಿ ಆಫೀಸಿನಲ್ಲಿ ಗುಮಾಸ್ತ ಭಾರತಮ್ಮನ ಹೆಬ್ಬೆರಳು ಹಿಡಿದಿದ್ದ. ಶಾಯಿ ಹತ್ತಿತ್ತು. ಕಾಗದಕ್ಕೆ ಒಂದಿಂಚು.

ತುದಿಗೆ ಕಚ್ಚಿಕೊಂಡಿದ್ದ ಮಣ್ಣಿನ ಸಮೇತ ಆಗರನ್ನು ಕಾಗದದ ಮೇಲೆ ಅಡ್ಡ ಇಟ್ಟೆ.

"ಅಮ್ಮ, ಇದನ್ನ ಮುಟ್ಟಿ ನೋಡಿ."

ಅವಳು ಬೆರಳಲ್ಲಿ ಉಜ್ಜಿದಳು. "ಬೂದಿ..."

"ಗೇಣು ಕೆಳಗೆ ಇದೇ ನಿಮ್ಮ ತೋಟ."

ವೆಂಕಟರಾಯಪ್ಪ ನಕ್ಕ. "ಯಾವ ಒಲೆಯಿಂದ ತಂದ್ರೋ ಯಾರಿಗೆ ಗೊತ್ತು!"

"ನಾನೇ ತೆಗ್ದಿದ್ದು" ಎಂದ ಮುನಿಯಲ್ಲಪ್ಪ ಬಾಗಿಲಿಂದ. "ನೀವು ಕೊಡ್ತೀನಂದ ಅರ್ಧ ಎಕರೇಲಿ. ಹೊಂಡಾನೂ ಒಂದೇ, ಬೂದೀನೂ ಒಂದೇ."

ಭಾರತಮ್ಮ ಎದ್ದಳು. "ಬೂದಿ ತಿನ್ಕಂಡು ಬದುಕ್ಲೇನಯ್ಯಾ ನಾನು?" ಶಾಯಿಯ ಹೆಬ್ಬೆರಳನ್ನು ಅವನ ಬಿಳಿ ಶಲ್ಯಕ್ಕೆ ಒರೆಸಿದಳು. ಆ ದಿನ ಬಿದ್ದ ಹೆಬ್ಬೆಟ್ಟು ಅದೊಂದೇ.

ಹೊರಗೆ ವೆಂಕಟರಾಯಪ್ಪ ನನ್ನನ್ನು ತಡೆದ. ಜಮೀನು ಇನ್ಯಾರಿಗಾದರೂ ಸಾಗಿಸುವ ಲೆಕ್ಕ ಅವನದು.

"ಸರ್ವೇಲಿ ಎಷ್ಟನೇ ದರ್ಜೆ ಬರೀತೀರಿ?"

"ಎಂಟು."

"ಎಂಟು... ಒಳ್ಳೇದೇ ತಾನೆ?"

"ಒಂದನೇದು ಒಳ್ಳೇದು. ಎಂಟನೇದು ಬೇಸಾಯಕ್ಕೆ ಬರಲ್ಲ. ಕಾಡುಪ್ರಾಣಿಗಳಿಗೆ ಬಿಟ್ಟುಬಿಡಬೇಕು."

ಆ ಎರಡು ಎಕರೆ ಇವತ್ತಿಗೂ ವೆಂಕಟರಾಯಪ್ಪನ ಬಳಿಯೇ ಇದೆ. ನನ್ನ ವರ್ಗೀಕರಣದಲ್ಲಿ ತಪ್ಪಿಲ್ಲ.