ನೂರರಲ್ಲಿ ಇಪ್ಪತ್ತು ಬೀಜ

ಗುಡ್‌ರ್ರ್ರ್...

ಶಿವಕಾಂತಾ ಮಿಸ್ ಕೈಯಲ್ಲಿದ್ದ ಚಾಕ್‌ಪೀಸ್ ಬೋರ್ಡಿನ ಮೇಲೆಯೇ ನಿಂತಿತು. "ಯಾರ ಹೊಟ್ಟಿ ಅದು?"

ಐದನೇ ತರಗತಿಯ ಮಕ್ಕಳು ಒಬ್ಬರನ್ನೊಬ್ಬರು ನೋಡಿದರು. ಸೀಮಾ ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದಳು. ಹೊಟ್ಟೆ ಕೇಳಬೇಕಲ್ಲ? ಮತ್ತೆ ಗುಡುಗಿತು. ಹಿಂದಿನ ಸಾಲಿನಿಂದ ಜುಬೇರನ ಹೊಟ್ಟೆ ಅದಕ್ಕಿಂತ ಜೋರಾಗಿ ಉತ್ತರ ಕೊಟ್ಟಿತು.

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಸೀಮಾಗೂ ನಗು ತಡೆಯಲಾಗಲಿಲ್ಲ, ಆದರೆ ಒಳಗೊಳಗೇ ಭಯ. ಜುಬೇರ ಅಂಗೈ ಚಾಚಿ ನಿಂತುಬಿಟ್ಟ. "ಮಿಸ್, ನಾ ಹಸರ ಆಗಾಕತ್ತೇನಿ ನೋಡ್ರಿ."

ಅದು ಸ್ಕೆಚ್ ಪೆನ್ನಿನ ಬಣ್ಣ. ಆದರೂ ಮಿಸ್ ಕೇಳಿದ ಮೇಲೆ ಇಬ್ಬರೂ ನಡೆದದ್ದನ್ನು ಹೇಳಲೇಬೇಕಾಯಿತು.

ಸೀಮಾಳ ಅಪ್ಪ ಧರ್ಮಣ್ಣ ಬಿತ್ತನೆಗೆ ಮೊದಲು ಪ್ರತಿವರ್ಷ ಮನೆಯ ಸೋಯಾ ಬೀಜದಲ್ಲಿ ನೂರು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಬಾಗಿಲ ಹಿಂದೆ ಇಡುತ್ತಾನೆ. ನೂರರಲ್ಲಿ ಎಪ್ಪತ್ತು ಮೊಳೆತರೆ ಬೀಜ ಬಿತ್ತಲು ಯೋಗ್ಯ. ಕಡಿಮೆಯಾದರೆ ಇಲ್ಲ. ನಿನ್ನೆ ಸಂಜೆ ಪಕ್ಕದ ಮನೆಯ ಜುಬೇರ ಬಂದವನೇ ಆ ಗೋಣಿತಟ್ಟು ಬಿಚ್ಚಿ ನೋಡಿದ್ದ.

"ಎಷ್ಟ ದಪ್ಪ ಅದಾವಲೇ. ಇವು ಫಾರಿನ್ ಸೋಯಾನೇ ಇರಬೇಕು. ಜೀನ್ ಬದಲ್ ಮಾಡಿದ್ದು. ತಿಂದವರ ಜೀನೂ ಬದಲ್ ಆಗಿ ಮೈ ಹಸರ ಆಗ್ತದಂತ, ವಿಡಿಯೋದಾಗ ಬಂದದ."

"ಇದು ನಮ್ಮ ಅಜ್ಜಿ ಕಾದಿಟ್ಟ ಬೀಜ," ಸೀಮಾಗೆ ಸಿಟ್ಟು ಬಂದಿತ್ತು. "ತಿಂದು ತೋರಸ್ತೇನಿ. ನೀನೂ ತಿನ್ನು. ಟೆಸ್ಟ್ ಆಗಿಬಿಡ್ಲಿ."

ಅವಳು ಹತ್ತು, ಅವನು ಹತ್ತು. ಮುಖ ಕಿವುಚಿ, ನಕ್ಕು, ಗೋಣಿತಟ್ಟನ್ನು ಮೊದಲಿನಂತೆಯೇ ಸುತ್ತಿಟ್ಟಿದ್ದರು.

ಕತೆ ಮುಗಿಯುವಷ್ಟರಲ್ಲಿ ಮಿಸ್ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು.

"ದಿನಾ ಜೋಳದ ರೊಟ್ಟಿ ತಿಂತೀಯಲ್ಲ ಜುಬೇರ, ನಿನ್ನ ತಲಿಮ್ಯಾಲ ತೆನಿ ಬಂದದೇನು? ಜೀನ್ ಬದಲ್ ಮಾಡಿದ್ರ ಗಿಡ ಬದಲಾಗ್ತದ, ತಿಂದವರಲ್ಲ. ನಮ್ಮ ದೇಶದಾಗ ಅಂಥ ಸೋಯಾ ಬಿತ್ತಾಕ ಪರ್ಮಿಷನ್ನೇ ಇಲ್ಲ."

"ಮತ್ತ ಹೊಟ್ಟಿ ಯಾಕ ಗುಡುಗಾಕತ್ತದ ರಿ?"

"ಹಸಿ ತಿಂದೀರಿ, ಅದಕ್ಕ. ಸೋಯಾ ನಮ್ಮದಿರ್ಲಿ, ಫಾರಿನ್‌ದಿರ್ಲಿ, ಹಸಿ ತಿಂದ್ರ ಹೊಟ್ಟಿ ಕೆಡ್ತದ. ಪರೀಕ್ಷೆ ಮಾಡಿ ಒಪ್ಪಿದ್ದನ್ನ ಚೆಂದಾಗಿ ಬೇಯಿಸಿ ತಿಂದ್ರ ಎರಡೂ ಒಂದೇ. ಅದನ್ನ ತಿಳಕೊಳ್ಳಾಕ ವಿಜ್ಞಾನಿಗಳು ವರ್ಷಗಟ್ಟಲೆ ಎಷ್ಟೋ ಸಲ ನೋಡ್ಯಾರ. ನಿಮ್ಮಂಗ ಇಬ್ಬರು ತಿಂದು ಟೆಸ್ಟ್ ಆತು ಅನ್ನಲ್ಲ."

ಸಂಜೆಗೆ ಹೊಟ್ಟೆ ಸುಮ್ಮನಾಯಿತು. ಇಬ್ಬರೂ ಎಲ್ಲವನ್ನೂ ಮರೆತರು.

ಮೂರು ದಿನ ಬಿಟ್ಟು ಧರ್ಮಣ್ಣ ಅಂಗಳದಲ್ಲಿ ಗೋಣಿತಟ್ಟು ಬಿಚ್ಚಿ ಮೊಳಕೆ ಎಣಿಸಿದ. ಎಣಿಸಿ ಮುಗಿಸಿ ತಾಯಿಯತ್ತ ತಿರುಗಿದ.

"ಅರವತ್ಮೂರು. ಈ ಬೀಜ ಬ್ಯಾಡವ್ವಾ, ಮಾರಿಬಿಡೋಣ. ಅಂಗಡಿ ಬೀಜ ತರ್ತೇನಿ."

ಆ ಬೀಜ ಕಾದಿಟ್ಟವಳು ಸೀಮಾಳ ಅಜ್ಜಿ ನಿಂಬೆವ್ವ. ಸೋಯಾ ಬೀಜದ ಸಿಪ್ಪೆ ಬಲು ನಾಜೂಕು, ಒಡೆದರೆ ಬೀಜ ಮೊಳೆಯುವುದಿಲ್ಲ. ಅದಕ್ಕೇ ಅವಳು ವರ್ಷವಿಡೀ ಬೀಜದ ಚೀಲದ ಮೇಲೆ ಯಾರನ್ನೂ ಕೂರಲು ಬಿಟ್ಟಿರಲಿಲ್ಲ. ಒಮ್ಮೆ ಬೀಗರು ಕೂತಾಗ ಅವರನ್ನೂ ಎಬ್ಬಿಸಿದ್ದಳು. ಈಗ ಎದ್ದು ಹೋಗಿ ಆ ಚೀಲವನ್ನು ಮೆಲ್ಲಗೆ ಮುಟ್ಟಿ ನಿಂತಳು.

ಸೀಮಾಗೆ ಅದನ್ನು ನೋಡಲಾಗಲಿಲ್ಲ. ಬೈಸಿಕೊಳ್ಳುವುದೇ ವಾಸಿ ಅನ್ನಿಸಿತು.

"ಅಪ್ಪಾ... ಅದರಾಗ ಇಪ್ಪತ್ತು ನಾವು ತಿಂದೇವಿ. ಹತ್ತು ನಾನು, ಹತ್ತು ಜುಬೇರ."

ಧರ್ಮಣ್ಣ ಗೋಣಿತಟ್ಟಿನತ್ತ ಮತ್ತೆ ಬಗ್ಗಿ ನೋಡಿದ. ಸೀಮಾ ಗಡಿಬಿಡಿಯಿಂದ ಹೇಳಿದಳು, "ಕೂಡಿಸಿಬಿಡ್ರಿ. ಎಂಬತ್ಮೂರು ಆಗ್ತದ."

"ತಿಂದ ಇಪ್ಪತ್ತೂ ಮೊಳಿತಿದ್ದವು ಅಂತ ಯಾರಿಗೆ ಗೊತ್ತ?"

ಹೌದಲ್ಲ. ಹೊಟ್ಟೆಗೆ ಹೋದದ್ದನ್ನು ಎಣಿಸುವುದು ಹೇಗೆ? ಸೀಮಾ ತಲೆ ತಗ್ಗಿಸಿದಳು. ಅಜ್ಜಿ ಮಾತ್ರ ಸೆರಗು ಸಿಕ್ಕಿಸಿಕೊಂಡು ಆಗಲೇ ಚೀಲ ಬಿಚ್ಚುತ್ತಿದ್ದಳು. "ಇನ್ನೊಂದ ನೂರು ಎಣಸು ಬಾ. ಆ ಹೊಟ್ಟಿಬಾಕ ಜುಬೇರನ್ನೂ ಕರಿ. ಮೊದ್ಲ ಇಬ್ಬರಿಗೂ ಹೊಟ್ಟಿ ತುಂಬ ರೊಟ್ಟಿ ಹಾಕ್ತೇನಿ."

ಐದನೇ ದಿನ ಮೊಳಕೆ ಎಣಿಸಿದವಳು ಸೀಮಾ. ಎರಡು ಸಲ ಎಣಿಸಿದಳು. ಎರಡೂ ಸಲ ಎಂಬತ್ತೊಂದು. ಅಜ್ಜಿ ತನಗೆ ಮೊದಲೇ ಗೊತ್ತಿತ್ತು ಎಂಬಂತೆ ಮುಖ ಮಾಡಿ ಒಳಗೆ ಹೋದಳು. ಹೋದ ಮೇಲೆ ಅವಳು ಹಾಡು ಗುನುಗುವುದು ಅಂಗಳದವರೆಗೂ ಕೇಳಿಸಿತು.

ಅಷ್ಟರಲ್ಲಿ ಜುಬೇರ ಫೋನ್ ಹಿಡಿದು ಓಡಿ ಬಂದ. "ಸೀಮಾ, ದಿನಾ ಸೋಯಾ ತಿಂದ್ರ ತಿಂಗಳಿಗೆ ಒಂದ ಫೂಟ್ ಎತ್ತರ ಆಗ್ತಾರಂತ. ಒಬ್ಬಾವ ವಿಡಿಯೋದಾಗ ಹೇಳ್ಯಾನ."

ಸೀಮಾ ಗೋಣಿತಟ್ಟು ಝಾಡಿಸಿ ಮಡಚಿದಳು.

"ಒಬ್ಬಾವನಾ?" ಎಂದಳು. "ಉಳಿದ ತೊಂಬತ್ತೊಂಬತ್ತು ಮಂದಿ ಏನಂದ್ರು?"